ನಾಲ್ಕು ಬೈಟ್ ಕೈಗೆ ಬಂದಾಗ

ಪುಟ್ಟೀ, ಕೆಲಸಕ್ಕೆ ಸೇರಿದ ಕೂಡಲೇ ಮೀಟರ್‌ಗಳಿಂದ ಡೇಟಾ ಓದುವ ಪ್ರೋಗ್ರಾಂ ನಿನ್ನ ತಲೆಗೆ ಬಂತಂತೆ, ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. “ಬರೀ ಬೈಟ್‌ನಿಂದ ಇಂಟಿಜರ್ ಮಾಡೋದಂತೆ, ಅದೇನು ಮಹಾ” ಎಂದೂ ಸೇರಿಸಿದಳು. ಆ ಮಾತು ನಿನ್ನದೇ ಇರಬೇಕು. ಬೈಟ್ ಅಂದರೆ ಏನು ಅಂತ ನಿಮ್ಮಮ್ಮನಿಗೆ ಗೊತ್ತಿಲ್ಲ.

ಮಹಾ ಏನೂ ಅಲ್ಲ, ನಿಜ. ಒಂದು ಸಾಲಿನ ಕೆಲಸ. ಆದರೆ ಆ ಸಾಲು ತಪ್ಪಿದರೆ ಕಂಪೈಲರ್ ಬೈಯುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ. ತಪ್ಪು ಸಂಖ್ಯೆ ಸರಿಯಾದದ್ದರ ವೇಷ ಹಾಕಿಕೊಂಡು ಸೀದಾ ಬಿಲ್ಲಿನ ತನಕ ನಡೆದುಬಿಡುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಈ ಮಾವ ಕೊರೆಯುತ್ತಾನೆ ಅನ್ನಿಸಿದರೆ ಒಂದೆರಡು ಪ್ಯಾರಾ ಹಾರಿಸು, ಲೆಕ್ಕ ಇರುವ ಜಾಗ ಮಾತ್ರ ಹಾರಿಸಬೇಡ.

ಮೊದಲು ತಲೆಯಲ್ಲಿ ಕೂರಬೇಕಾದ ಮಾತು ಒಂದೇ. ಬೈಟ್‌ಗೆ ತನ್ನದೇ ಆದ ಅರ್ಥವಿಲ್ಲ. ಎಂಟು ಬಿಟ್, 0ಯಿಂದ 255ರೊಳಗಿನ ಒಂದು ಬೆಲೆ, ಅಲ್ಲಿಗೆ ಮುಗಿಯಿತು. ಅದು ಯೂನಿಟ್ಟೋ, ಉಷ್ಣಾಂಶವೋ, ಅಕ್ಷರವೋ, ಚಿತ್ರದ ಒಂದು ಚುಕ್ಕೆಯೋ ಎಂಬುದು ಅದರೊಳಗೆ ಎಲ್ಲೂ ಬರೆದಿರುವುದಿಲ್ಲ. ಅರ್ಥ ಇರುವುದು ಕಳಿಸುವವನಿಗೂ ಓದುವವನಿಗೂ ನಡುವಿನ ಕರಾರಿನಲ್ಲಿ. ಆ ಕರಾರಿನಲ್ಲಿ ನಾಲ್ಕು ಕಲಮು: ಎಷ್ಟು ಬೈಟ್, ಯಾವ ಕ್ರಮ, ಮೈನಸ್ ಸಂಖ್ಯೆ ಉಂಟೋ ಇಲ್ಲವೋ, ಬಂದ ಸಂಖ್ಯೆಯನ್ನು ಯಾವ ಅಳತೆಯಲ್ಲಿ ಹಿಡಿಯಬೇಕು. ನಾಲ್ಕರಲ್ಲಿ ಯಾವುದನ್ನೂ ಊಹಿಸಬೇಡ. ನಾನು ಹೇಳುವುದೆಲ್ಲ ಇದರ ವಿಸ್ತಾರವೇ.

ನಿನ್ನ ಮೀಟರ್ ಮಾಡ್‌ಬಸ್‌ನಲ್ಲಿ ಮಾತಾಡುತ್ತದೆ ಅಂದುಕೊಳ್ಳೋಣ. 1979ರಲ್ಲಿ ಮಾಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗಾಗಿ ತಂದ ಪ್ರೋಟೋಕಾಲ್ ಅದು. ಇವತ್ತಿಗೂ ಕಾರ್ಖಾನೆಯ ಪ್ಯಾನೆಲ್ ತೆಗೆದರೆ ಎದುರಾಗುವುದು ಅದೇ. ಅಲ್ಲಿಂದ ನಾಲ್ಕು ಬೈಟ್ ಬಂತು. ಹೆಕ್ಸ್‌ನಲ್ಲಿ ಬರೆದರೆ 00 01 86 42. ಮೀಟರ್ ಹೇಳಹೊರಟಿದ್ದು 99,906 ಯೂನಿಟ್. ದೊಡ್ಡ ಸ್ಥಾನದ ಬೈಟ್ ಮೊದಲು ಎಂದು ಹಿಡಿದರೆ ಲೆಕ್ಕ ಸರಿಯಾಗಿ ಕೂರುತ್ತದೆ. 1ನ್ನು 65,536ರಿಂದ ಗುಣಿಸು. ಹೆಕ್ಸ್ 86 ಅಂದರೆ 134, ಅದನ್ನು 256ರಿಂದ ಗುಣಿಸು. ಹೆಕ್ಸ್ 42 ಅಂದರೆ 66, ಅದನ್ನು ಹಾಗೇ ಕೂಡು. 65,536, 34,304, 66, ಒಟ್ಟು 99,906.

ಈಗ ಅವೇ ನಾಲ್ಕು ಬೈಟನ್ನು ಚಿಕ್ಕ ಸ್ಥಾನ ಮೊದಲು ಎಂದು ಓದು. 111,60,78,336 ಬರುತ್ತದೆ. ಎರಡೆರಡು ಬೈಟ್‌ನ ರಿಜಿಸ್ಟರ್‌ಗಳನ್ನು ಮಾತ್ರ ಹಿಂದುಮುಂದು ಮಾಡು, 225,24,72,321. ಅದನ್ನೇ ಸೈನ್ಡ್ ಎಂದು ಹಿಡಿದರೆ ಮೈನಸ್ 204,24,94,975. ರಿಜಿಸ್ಟರ್‌ಗಳು ಜಾಗದಲ್ಲೇ ಇದ್ದು ಒಳಗಿನ ಬೈಟ್ ಮಾತ್ರ ಅದಲುಬದಲಾದರೆ 1,67,94,246. ನಾಲ್ಕು ಬೈಟ್, ಐದು ಉತ್ತರ, ಒಂದಕ್ಕೂ ಎರರ್ ಇಲ್ಲ. ಮೈನಸ್ ಬಂದರೆ ಯಾರಾದರೂ ನಿಂತು ನೋಡುತ್ತಾರೆ, ನೂರು ಕೋಟಿ ದಾಟಿದರೂ ನೋಡುತ್ತಾರೆ. ಭಯಪಡಬೇಕಾದ್ದು ಕೊನೆಯದಕ್ಕೆ. ದೊಡ್ಡ ಕಾರ್ಖಾನೆಯ ಮೀಟರ್‌ನಲ್ಲಿ ಒಂದೂಮುಕ್ಕಾಲು ಕೋಟಿ ಯೂನಿಟ್ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಇದು ನಾನು ಕಟ್ಟಿದ ಕಷ್ಟವಲ್ಲ. ಒಂದು ರಿಜಿಸ್ಟರ್‌ನೊಳಗೆ ದೊಡ್ಡ ಬೈಟ್ ಮೊದಲು ಎಂದು ಮಾಡ್‌ಬಸ್ ಸ್ಪಷ್ಟವಾಗಿ ಹೇಳುತ್ತದೆ. ಎರಡು ರಿಜಿಸ್ಟರ್ ಸೇರಿ 32 ಬಿಟ್ ಆದಾಗ ಯಾವುದು ಮೊದಲು ಎಂದು ಕಟ್ಟು ಮಾಡಿಲ್ಲ. ಒಬ್ಬೊಬ್ಬ ತಯಾರಕರದು ಒಂದೊಂದು ದಾರಿ. ಇನ್ನೂ ತಮಾಷೆ ಕೇಳು: ಸೀರಿಯಲ್ ತಂತಿಯಲ್ಲಿ ಹೋಗುವ ಆರ್‌ಟಿಯು ಸಂದೇಶದ ಕೊನೆಗೆ ಸಿಆರ್‌ಸಿ ಎಂದು ಎರಡು ಬೈಟ್ ಇರುತ್ತದಲ್ಲ, ಅಲ್ಲಿ ಮಾತ್ರ ಚಿಕ್ಕದು ಮೊದಲು. ಒಂದೇ ಸಂದೇಶದಲ್ಲಿ ಎರಡು ಪದ್ಧತಿ. “ಇದು ಬಿಗ್ ಎಂಡಿಯನ್ ಪ್ರೋಟೋಕಾಲ್” ಎಂದು ಒಂದೇ ಮಾತಲ್ಲಿ ಮುಗಿಸುವವರು ಸಿಕ್ಕರೆ, ಯಾವ ಫೀಲ್ಡ್‌ಗೆ ಎಂದು ಕೇಳು.

ಅಲ್ಲೇ ಇನ್ನೊಂದು ಎಚ್ಚರ. ಆ ಎರಡು ರಿಜಿಸ್ಟರನ್ನು ಒಂದೇ ರಿಕ್ವೆಸ್ಟ್‌ನಲ್ಲಿ ಓದು. ಎರಡು ಸಲ ಹೋಗಿ ಬಿಡಿಬಿಡಿಯಾಗಿ ತಂದರೆ, ಮೀಟರ್ 65,535ರಿಂದ 65,536ಕ್ಕೆ ಹೊರಳುವ ಕ್ಷಣದಲ್ಲಿ ಮೇಲಿನ ಅರ್ಧ ಹಳೆಯದು, ಕೆಳಗಿನ ಅರ್ಧ ಹೊಸದು ಸಿಗುತ್ತದೆ, ಜೋಡಿಸಿದರೆ ಸೊನ್ನೆ. ಕೆಳಗಿನದನ್ನು ಮೊದಲು ತಂದಿದ್ದರೆ 1,31,071. ವರ್ಷಕ್ಕೊಮ್ಮೆ ಬಂದು ಹೋಗುವ ಇಂಥ ತಪ್ಪನ್ನು ಹುಡುಕುವುದು ಯಾವ ಶತ್ರುವಿಗೂ ಬೇಡ.

ಕ್ರಮದ ವಿಷಯದಲ್ಲಿ ಯಾರು ಸರಿ ಎಂದು ಕೇಳಬೇಡ. 1964ರ ಐಬಿಎಂ ಸಿಸ್ಟಂ/360 ದೊಡ್ಡದನ್ನು ಮೊದಲಿಟ್ಟಿತು. ನಾವು ಅಂಕಿ ಬರೆಯುವುದೂ ಹಾಗೇ, ಕಣ್ಣಿಗೆ ಸಲೀಸು. ಇಂಟೆಲ್ ಚಿಪ್‌ಗಳು ಚಿಕ್ಕದನ್ನು ಮೊದಲಿಟ್ಟವು. ಕೂಡುವಾಗ ಬಿಡಿ ಸ್ಥಾನದಿಂದಲೇ ಶುರು ಮಾಡಬೇಕಲ್ಲ, ಅದಕ್ಕೂ ಒಂದು ನ್ಯಾಯವಿದೆ. ಪಿಡಿಪಿ-11ರ ಕಥೆ ಇನ್ನೊಂದು: ಎರಡು ಬೈಟ್‌ನೊಳಗೆ ಚಿಕ್ಕದು ಮೊದಲು, ಆದರೆ 32 ಬಿಟ್ ಆದಾಗ ಮೇಲಿನ ಜೋಡಿ ಮೊದಲು. ಮೇಲೆ ಹೇಳಿದ ಒಂದೂಮುಕ್ಕಾಲು ಕೋಟಿ ಬಂದದ್ದು ಆ ಕ್ರಮದಲ್ಲೇ. ಆ ಯಂತ್ರದಿಂದ ಯುನಿಕ್ಸ್ ಅನ್ನು ಬೇರೆ ಜಾತಿಯ ಯಂತ್ರಕ್ಕೆ ಒಯ್ದಾಗ ಅಕ್ಷರಗಳು ಜೋಡಿ ಜೋಡಿಯಾಗಿ ಅದಲುಬದಲಾಗಿ ‘ನುಕ್ಸಿ’ ಎಂದು ಮೂಡಿತೆಂಬ ಕಥೆಯಿಂದ ಈ ತೊಂದರೆಗೆ ‘ನುಕ್ಸಿ ಪ್ರಾಬ್ಲಂ’ ಎಂದೇ ಹೆಸರಾಯಿತು.

1980ರ ಏಪ್ರಿಲ್ 1ರಂದು ಡ್ಯಾನಿ ಕೋಹೆನ್ ಎಂಬ ಕಂಪ್ಯೂಟರ್ ವಿಜ್ಞಾನಿ ಈ ಜಗಳದ ಮೇಲೇ ಒಂದು ಟಿಪ್ಪಣಿ ಬರೆದರು. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಎಂದು ಯುದ್ಧಕ್ಕೆ ನಿಂತ ಲಿಲಿಪುಟ್ ಜನರನ್ನು ಗಲಿವರನ ಕಥೆಯಿಂದ ಎಳೆದು ತಂದು, ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಎಂದು ಎರಡು ಪಂಗಡ ಮಾಡಿದವರು ಅವರೇ. ತಮಾಷೆಯ ನಡುವೆ ಅವರ ವಾದ ಗಟ್ಟಿಯಾಗಿತ್ತು: ಯಾವ ಕ್ರಮ ಎಂಬುದಕ್ಕಿಂತ ಎಲ್ಲರೂ ಒಂದು ಕ್ರಮಕ್ಕೆ ಒಪ್ಪುವುದು ಮುಖ್ಯ. ಇಂಟರ್ನೆಟ್ ದೊಡ್ಡದು ಮೊದಲು ಎಂದು ಒಪ್ಪಿಕೊಂಡಿತು. ನಮ್ಮ ಮೇಜಿನ ಮೇಲಿನ ಯಂತ್ರಗಳು ಬಹುಪಾಲು ಚಿಕ್ಕದು ಮೊದಲು ಎನ್ನುತ್ತವೆ. ಹಾಗಾಗಿ ಪೋರ್ಟ್ 80 ಎಂದು ಕೊಟ್ಟು ಬೈಟ್ ತಿರುಗಿಸುವುದನ್ನು ಮರೆತವನ ಪ್ರೋಗ್ರಾಂ 20,480ನೇ ಪೋರ್ಟ್‌ನ ಬಾಗಿಲು ತಟ್ಟುತ್ತಿರುತ್ತದೆ.

ನೀನು ಸಂಗೀತ ಪಾಠಕ್ಕೆ ಹೋದವಳು, ಇದು ನಿನಗೆ ಹೊಸದೇ ಅಲ್ಲ. ಮೇಳಕರ್ತ ರಾಗಗಳ ಹೆಸರಿನಲ್ಲಿ ಕಟಪಯಾದಿ ಲೆಕ್ಕ ಹೇಗೆ ಅಡಗಿದೆ ನೋಡು. ಮೇಚಕಲ್ಯಾಣಿಯಲ್ಲಿ ‘ಮ’ ಅಂದರೆ 5, ‘ಚ’ ಅಂದರೆ 6. ಬರೆದಂತೆ ಓದಿದರೆ 56. ಆದರೆ ಬಿಡಿ ಸ್ಥಾನ ಮೊದಲು ಎಂಬುದು ಅಲ್ಲಿನ ಕರಾರು, ಆದ್ದರಿಂದ ಅದು 65ನೇ ಮೇಳ. ಧೀರಶಂಕರಾಭರಣದಲ್ಲಿ 9 ಮತ್ತು 2, ತಿರುಗಿಸಿದರೆ 29. ಕರಾರು ಗೊತ್ತಿಲ್ಲದವನು 92 ಎಂದು ಓದಿದರೆ ತಕ್ಷಣ ಸಿಕ್ಕಿಬೀಳುತ್ತಾನೆ, ಏಕೆಂದರೆ ಮೇಳಗಳಿರುವುದೇ 72. ಅದೇ ಮೇಚಕಲ್ಯಾಣಿಯನ್ನು 56 ಎಂದು ಓದಿದರೆ? ಅಲ್ಲಿ ಷಣ್ಮುಖಪ್ರಿಯ ಕೂತಿದೆ, ಸಲಕ್ಷಣವಾದ ರಾಗ. ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಬಂದ ಸಂಖ್ಯೆ ಮಿತಿಯೊಳಗಿದೆಯೇ ಎಂದು ನೋಡುವ ಸಾಲನ್ನು ಖಂಡಿತ ಬರೆ. ಅದು ಶಂಕರಾಭರಣದಂಥ ತಪ್ಪನ್ನು ಹಿಡಿಯುತ್ತದೆ. ಕಲ್ಯಾಣಿಯಂಥದ್ದನ್ನು ಹಿಡಿಯಲು ಕರಾರನ್ನೇ ಓದಿರಬೇಕು.

ಇನ್ನು ಮೈನಸ್ ಸಂಖ್ಯೆಯ ಕಲಮು. ಕೋಲ್ಡ್ ಸ್ಟೋರೇಜ್‌ನ ಸೆನ್ಸರ್ ಒಂದು ಎರಡು ಬೈಟ್ ಕಳಿಸಿತು: 255, 56. ಉಷ್ಣಾಂಶವನ್ನು ಹತ್ತರಿಂದ ಗುಣಿಸಿ ಕಳಿಸುತ್ತೇನೆ ಎಂದು ಡೇಟಾಶೀಟ್ ಹೇಳುತ್ತದೆ. 255ನ್ನು 256ರಿಂದ ಗುಣಿಸಿ 56 ಕೂಡಿದರೆ 65,336. ಹತ್ತರಿಂದ ಭಾಗಿಸಿದರೆ 6,533.6 ಡಿಗ್ರಿ. ಸೂರ್ಯನ ಮೇಲ್ಮೈಗಿಂತ ಬಿಸಿಯಾದ ಕೋಲ್ಡ್ ಸ್ಟೋರೇಜ್! ಎರಡು ಬೈಟ್‌ನ ಸೈನ್ಡ್ ಸಂಖ್ಯೆಯಲ್ಲಿ 32,767 ದಾಟಿದ್ದರಿಂದ 65,536 ಕಳೆಯಬೇಕು. ಮೈನಸ್ 200, ಅಂದರೆ ಮೈನಸ್ 20 ಡಿಗ್ರಿ. ಅಲ್ಲಿರುವ ಬಟಾಣಿ ಮೂಟೆಗೆ ತಕ್ಕ ಉತ್ತರ. ಈ ತಪ್ಪು ಬೇಸಗೆಯಲ್ಲಿ ಕೋಣೆಯ ಹೊರಗೆ ಸೆನ್ಸರ್ ಇಟ್ಟು ಪರೀಕ್ಷಿಸಿದವರಿಗೆ ಜನ್ಮದಲ್ಲಿ ಕಾಣುವುದಿಲ್ಲ.

ಬಿಟ್‌ಗಳು ಎಂಟರ ಲೆಕ್ಕಕ್ಕೆ ಹೊಂದದಾಗ ಇನ್ನೂ ಹುಷಾರಾಗಿರು. 12 ಬಿಟ್‌ನ ಎಡಿಸಿ ಮೈನಸ್ 1 ಎಂದು ಕಳಿಸಿದರೆ ಹದಿನಾರು ಬಿಟ್‌ನ ಡಬ್ಬಿಯಲ್ಲಿ ಅದು 4,095 ಆಗಿ ಕೂರುತ್ತದೆ. 2,047 ಮೀರಿದರೆ 4,096 ಕಳೆ ಎಂದು ನೀನೇ ಬರೆಯಬೇಕು; ಭಾಷೆ ಮಾಡಿಕೊಡುವುದಿಲ್ಲ.

ಇನ್ನೊಂದು, ಎದುರಿಗಿರುವುದು ನಿಜವಾಗಿಯೂ ಕಚ್ಚಾ ಸಂಖ್ಯೆಯೇ ಎಂಬ ಪ್ರಶ್ನೆ. 49, 50, 51 ಎಂಬ ಮೂರು ಬೈಟ್ ಬಂದರೆ ಅದು ‘123’ ಎಂದು ಅಕ್ಷರದಲ್ಲಿ ಬರೆದ ಸಂಖ್ಯೆ ಇರಬಹುದು. ಅದನ್ನು ಕಚ್ಚಾ ಬೈಟ್ ಎಂದು ಹಿಡಿದು ಜೋಡಿಸಿದರೆ 32,24,115. ಎಲ್ಲ ಬೈಟ್‌ಗಳೂ 48ರಿಂದ 57ರೊಳಗೇ ಓಡಾಡುತ್ತಿದ್ದರೆ ಒಂದು ಕ್ಷಣ ಕೈ ನಿಲ್ಲಿಸು. ಬಿಸಿಡಿ ಎಂಬ ಹಳೆಯ ಪದ್ಧತಿಯೂ ಜೀವಂತವಾಗಿದೆ. ಡಿಎಸ್1307 ಎಂಬ ಗಡಿಯಾರದ ಚಿಪ್ ಸೆಕೆಂಡನ್ನು ಬಿಸಿಡಿಯಲ್ಲೇ ಇಡುತ್ತದೆ: ಬೈಟ್‌ನ ಅರ್ಧ ಭಾಗಕ್ಕೆ ಒಂದೊಂದು ಅಂಕಿ. 59 ಸೆಕೆಂಡ್ ಅಲ್ಲಿ ಹೆಕ್ಸ್ 59. ಸುಮ್ಮನೆ ಇಂಟಿಜರ್ ಮಾಡಿದರೆ 89 ಸೆಕೆಂಡ್. ಸೊನ್ನೆಯಿಂದ ಒಂಬತ್ತರ ತನಕ ಎಲ್ಲವೂ ಸರಿಯಾಗಿ ಬಂದು, ಹತ್ತನೇ ಸೆಕೆಂಡ್‌ಗೆ 16 ಎಂದು ಹಾರಿದರೆ ಕಾರಣ ಇದೇ.

ಈಗ ಬರೆಯುವ ರೀತಿ. ನಿನ್ನ ಯಂತ್ರ ಯಾವ ಕ್ರಮದ್ದು ಎಂದು ಕೇಳುವ ಕೋಡ್ ಬರೆಯಬೇಡ. ರಾಬ್ ಪೈಕ್ 2012ರಲ್ಲಿ ಇದನ್ನೇ ಒತ್ತಿ ಹೇಳಿದರು: ಯಂತ್ರದ ಕ್ರಮ ಲೆಕ್ಕಕ್ಕಿಲ್ಲ, ಬರುತ್ತಿರುವ ಡೇಟಾದ ಕ್ರಮ ಮಾತ್ರ ಲೆಕ್ಕಕ್ಕಿದೆ. ದೊಡ್ಡದು ಮೊದಲು ಎಂದಿದ್ದರೆ ಮೊದಲ ಬೈಟನ್ನು 24 ಬಿಟ್ ಎಡಕ್ಕೆ ಸರಿಸು, ಎರಡನೆಯದನ್ನು 16, ಮೂರನೆಯದನ್ನು 8, ನಾಲ್ಕನೆಯದನ್ನು ಹಾಗೇ ಬಿಡು. ನಾಲ್ಕನ್ನೂ ‘ಆರ್’ ಮಾಡಿ ಸೇರಿಸು. ಚಿಕ್ಕದು ಮೊದಲು ಎಂದಿದ್ದರೆ ಅದನ್ನೇ ತಿರುವುಮುರುವು ಮಾಡು. ಈ ಸಾಲು ಯಾವ ಯಂತ್ರದಲ್ಲಿ ಓಡಿದರೂ ಅದೇ ಉತ್ತರ ಕೊಡುತ್ತದೆ. ಬೈಟ್ ತಿರುಗಿಸುವ ಅಗತ್ಯವೇ ಬರುವುದಿಲ್ಲ, ಏಕೆಂದರೆ ನೀನು ಮೆಮೊರಿಯ ಜೊತೆ ಆಡುತ್ತಿಲ್ಲ, ಗಣಿತ ಮಾಡುತ್ತಿದ್ದೀಯ.

ಸಿ ಭಾಷೆಯಲ್ಲಿ ಬೈಟ್‌ಗಳ ಮೇಲೆ ಇಂಟಿಜರ್ ಪಾಯಿಂಟರ್ ಕೂರಿಸಿ ಒಂದೇ ಏಟಿಗೆ ಓದುವ ಕೈಚಳಕವನ್ನು ಯಾರಾದರೂ ತೋರಿಸುತ್ತಾರೆ. ನಮಸ್ಕಾರ ಹೇಳಿ ಮುಂದೆ ಹೋಗು. ಅಲೈನ್‌ಮೆಂಟ್ ಸರಿಯಿಲ್ಲದಿದ್ದರೆ ಕೆಲವು ಪ್ರೊಸೆಸರ್‌ಗಳು ಅಲ್ಲೇ ಮಗುಚುತ್ತವೆ, ಅಲಿಯಾಸಿಂಗ್ ನಿಯಮ ಮುರಿದದ್ದಕ್ಕೆ ಆಪ್ಟಿಮೈಸರ್ ತನಗೆ ತೋಚಿದ್ದು ಮಾಡುತ್ತದೆ. ಎಡಕ್ಕೆ ಸರಿಸುವಾಗಲೂ ಒಂದು ಗುಂಡಿ ಇದೆ: ಎಂಟು ಬಿಟ್‌ನ ಬೈಟ್ ಮೊದಲು ಸೈನ್ಡ್ ಇಂಟ್ ಆಗುತ್ತದೆ, ಬೈಟ್ 128 ಅಥವಾ ಅದಕ್ಕಿಂತ ದೊಡ್ಡದಿದ್ದರೆ 24 ಬಿಟ್ ಸರಿಸಿದಾಗ ಮಿತಿ ಮೀರುತ್ತದೆ. ಮೊದಲೇ 32 ಬಿಟ್ ಅನ್‌ಸೈನ್ಡ್‌ಗೆ ಕಾಸ್ಟ್ ಮಾಡಿ ಆಮೇಲೆ ಸರಿಸು. ಬರೀ ‘ಚಾರ್’ ಎಂದು ಬರೆಯಬೇಡ; ಒಂದು ಕಡೆ ಅದು ಸೈನ್ಡ್, ಇನ್ನೊಂದು ಕಡೆ ಅನ್‌ಸೈನ್ಡ್.

ಜಾವಾದಲ್ಲಿ ಬೈಟ್ ಎಂದರೆ ಮೈನಸ್ 128ರಿಂದ 127. 255 ಎಂದು ನೀನು ಅಂದುಕೊಂಡದ್ದು ಅಲ್ಲಿ ಮೈನಸ್ 1. ಜೋಡಿಸುವ ಮುನ್ನ ಪ್ರತಿ ಬೈಟನ್ನೂ 255ರ ಜೊತೆ ‘ಆಂಡ್’ ಮಾಡು. ಜಾವಾಸ್ಕ್ರಿಪ್ಟ್‌ನಲ್ಲಿ ಬಿಟ್ ಎಡಕ್ಕೆ ಸರಿಸಿದರೆ ಉತ್ತರ 32 ಬಿಟ್ ಸೈನ್ಡ್ ಆಗಿಯೇ ಬರುತ್ತದೆ; ಡೇಟಾವ್ಯೂ ಬಳಸಿದರೆ ಆ ಕಾಟವಿಲ್ಲ. ಆದರೆ ಅದು ಏನೂ ಹೇಳದಿದ್ದರೆ ದೊಡ್ಡದು ಮೊದಲು ಎನ್ನುತ್ತದೆ, ಟೈಪ್ಡ್ ಅರೇ ಯಂತ್ರದ ಕ್ರಮವನ್ನು ಹಿಡಿಯುತ್ತದೆ. ಪಕ್ಕಪಕ್ಕದ ಎರಡು ಸಾಲು ಎರಡು ಭಾಷೆ ಮಾತಾಡಬಹುದು.

ಪೈಥಾನ್ ಸುಖ, ಆ ಸುಖದಲ್ಲೇ ಮೈಮರೆವು. ‘ಫ್ರಮ್ ಬೈಟ್ಸ್’ ಮೆಥಡ್‌ಗೆ ಮೊದಲೆಲ್ಲ ಕ್ರಮವನ್ನು ಬಾಯಿಬಿಟ್ಟು ಹೇಳಲೇಬೇಕಿತ್ತು; 3.11ರಿಂದ ಹೇಳದಿದ್ದರೆ ಬಿಗ್ ಎಂದು ಹಿಡಿಯುತ್ತದೆ. ಬಿಡಬಹುದು ಎಂದ ಮಾತ್ರಕ್ಕೆ ಬಿಡಬೇಡ. ಸೈನ್ಡ್ ಎಂದು ಹೇಳದಿದ್ದರೆ ಅನ್‌ಸೈನ್ಡ್ ಎಂದೇ ಲೆಕ್ಕ. ಕೋಲ್ಡ್ ಸ್ಟೋರೇಜ್ ನೆನಪಿರಲಿ. ‘ಸ್ಟ್ರಕ್ಟ್’ ಬಳಸುವಾಗ ಫಾರ್ಮ್ಯಾಟ್‌ನ ತಲೆಯ ಮೇಲೆ ಕ್ರಮದ ಚಿಹ್ನೆ ಇಡದಿದ್ದರೆ ಅದು ಯಂತ್ರದ ಅಭ್ಯಾಸಕ್ಕೆ ಹೋಗುತ್ತದೆ. ಒಂದು ಬೈಟ್, ಒಂದು ನಾಲ್ಕು ಬೈಟ್‌ನ ಸಂಖ್ಯೆ ಎಂದರೆ ಐದಾಗಬೇಕು. ನಡುವೆ ಮೂರು ಖಾಲಿ ಬೈಟ್ ತುರುಕಿ ಎಂಟು ಮಾಡುತ್ತದೆ. ‘ಲಾಂಗ್’ 64 ಬಿಟ್ ಲಿನಕ್ಸ್‌ನಲ್ಲಿ ಎಂಟು ಬೈಟ್, ವಿಂಡೋಸ್‌ನಲ್ಲಿ ನಾಲ್ಕು. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಸೈಟ್‌ನಲ್ಲಿ ಓಡದಿರುವುದಕ್ಕೆ ದೆವ್ವ ಕಾರಣವಲ್ಲ.

ಟೆಸ್ಟ್ ಬರೆಯುವುದರಲ್ಲಿ ಎರಡು ಮಾತು. ನೀನೇ ಬರೆದ ಫಂಕ್ಷನ್‌ನಿಂದ ಬೈಟ್ ಮಾಡಿ, ನೀನೇ ಬರೆದ ಇನ್ನೊಂದರಿಂದ ಸಂಖ್ಯೆ ಮಾಡಿ, ಎರಡೂ ಒಂದೇ ಬಂತು ಎಂದು ಖುಷಿಪಡಬೇಡ. ಎರಡು ಕಡೆಯೂ ಕ್ರಮ ತಪ್ಪಿದ್ದರೆ ತಪ್ಪಿಗೆ ತಪ್ಪು ಹೊಂದಿ ಟೆಸ್ಟ್ ಹಸಿರಾಗುತ್ತದೆ. ಸಾಕ್ಷಿ ಹೊರಗಿನದಾಗಿರಬೇಕು: ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಉದಾಹರಣೆ, ಇಲ್ಲವೇ ಮೀಟರ್‌ನ ಮುಖದ ಮೇಲೆ ಕಾಣುವ ಅಂಕಿ ಮತ್ತು ಅದೇ ಕ್ಷಣದಲ್ಲಿ ತಂತಿಯಲ್ಲಿ ಬಂದ ಬೈಟ್. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಎರಡನೆಯದು, ಆರಿಸಿಕೊಳ್ಳುವ ಸಂಖ್ಯೆ. ಸೊನ್ನೆಯನ್ನು ಹೇಗೆ ತಿರುಗಿಸಿದರೂ ಸೊನ್ನೆ. ಹೆಕ್ಸ್‌ನಲ್ಲಿ 01 02 03 04 ಇಟ್ಟುಕೋ. ಸರಿಯಾಗಿ ಓದಿದರೆ 1,69,09,060, ಯಾವ ಬೈಟ್ ಜಾಗ ತಪ್ಪಿದರೂ ತಕ್ಷಣ ಕಾಣುತ್ತದೆ. ಜೊತೆಗೆ 128 ಮೀರಿದ ಬೈಟ್ ಇರುವ ಒಂದು, ಮೈನಸ್ ಸಂಖ್ಯೆ ಒಂದು, ಎಲ್ಲಾ 255 ಇರುವ ಒಂದು. ಅರ್ಧಕ್ಕೇ ನಿಂತುಹೋದ ಸಂದೇಶವನ್ನೂ ಕೊಟ್ಟು ನೋಡು: ನಾಲ್ಕು ಬೇಕಾದಲ್ಲಿ ಮೂರೇ ಬಂದರೆ ನಿನ್ನ ಕೋಡ್ ಇಲ್ಲ ಎನ್ನಬೇಕು, ಇದ್ದದ್ದನ್ನೇ ಜೋಡಿಸಿ ಒಂದು ಸಂಖ್ಯೆ ಕೊಡಬಾರದು. ಪೈಥಾನ್‌ನ ‘ಫ್ರಮ್ ಬೈಟ್ಸ್’ ಮೂರಕ್ಕೂ ಚಕಾರವೆತ್ತದೆ ಉತ್ತರ ಕೊಡುತ್ತದೆ.

ವಿಚಿತ್ರ ಸಂಖ್ಯೆ ಕಂಡಾಗ ದಶಮಾಂಶದಲ್ಲಿ ನೋಡುತ್ತಾ ತಲೆ ಕೆರೆದುಕೊಳ್ಳಬೇಡ. ಹೆಕ್ಸ್‌ಗೆ ತಿರುಗಿಸು. 111,60,78,336 ಎಂದರೆ ಏನೂ ಹೊಳೆಯುವುದಿಲ್ಲ. 42 86 01 00 ಎಂದು ಬರೆದ ಕೂಡಲೇ ಹಿಂದುಮುಂದಾಗಿದೆ ಎಂದು ಕಣ್ಣೇ ಹೇಳುತ್ತದೆ. ಲಿನಕ್ಸ್‌ನಲ್ಲಿ ‘ಹೆಕ್ಸ್‌ಡಂಪ್’ ಬಳಸುವಾಗ ಒಂದು ಮೋಸ ತಿಳಿದಿರಲಿ. ಆಪ್ಶನ್ ಕೊಡದೆ ಓಡಿಸಿದರೆ ಅದು ಎರಡೆರಡು ಬೈಟನ್ನು ಜೋಡಿಸಿ ಯಂತ್ರದ ಕ್ರಮದಲ್ಲಿ ತೋರಿಸುತ್ತದೆ. ಸರಿಯಾಗಿದ್ದ ಫೈಲ್ ಅದಲುಬದಲಾದಂತೆ ಕಾಣುತ್ತದೆ. ದೊಡ್ಡ ‘ಸಿ’ ಆಪ್ಶನ್ ಹಾಕಿದರೆ ಬೈಟ್‌ಗಳು ಇದ್ದ ಸಾಲಿನಲ್ಲೇ ಬರುತ್ತವೆ. ಅಳತೆಗೋಲೇ ಡೊಂಕಾದರೆ ಮರ ನೆಟ್ಟಗಿದೆಯೋ ಇಲ್ಲವೋ ಯಾರಿಗೆ ಗೊತ್ತು.

ಇಷ್ಟೆಲ್ಲ ಸರಿಯಾಗಿ ಮಾಡಿ ಸಂಖ್ಯೆ ಸರಿಯಾಗಿಯೇ ಬಂತು ಅಂದುಕೋ. ಆಗಲೂ ಅದನ್ನು ಮನೆಯ ಒಳಗೆ ಬಿಟ್ಟುಕೊಳ್ಳುವ ಮುನ್ನ ಯೋಚಿಸು. 2014ರ ಏಪ್ರಿಲ್‌ನಲ್ಲಿ ಹೊರಬಿದ್ದ ಹಾರ್ಟ್‌ಬ್ಲೀಡ್ ನೆನಪಿದೆಯಾ? ಓಪನ್‌ಎಸ್‌ಎಸ್‌ಎಲ್‌ನ ಆ ಕೋಡ್‌ನಲ್ಲಿ ಎರಡು ಬೈಟನ್ನು ಇಂಟಿಜರ್ ಮಾಡುವ ಸಾಲು ಸರಿಯಾಗಿಯೇ ಇತ್ತು. ಆ ಇಂಟಿಜರ್ ‘ನಾನು ಇಷ್ಟು ಬೈಟ್ ಕಳಿಸಿದ್ದೇನೆ’ ಎಂದು ಎದುರಿನವನು ಹೇಳಿದ ಮಾತು. ನಿಜವಾಗಿ ಎಷ್ಟು ಬಂದಿದೆ ಎಂದು ಹೋಲಿಸಿ ನೋಡಲಿಲ್ಲ. ಒಂದೇ ಬೈಟ್ ಕಳಿಸಿ 65,535 ಎಂದು ಸುಳ್ಳು ಹೇಳಿದವನಿಗೆ ಸರ್ವರ್ ತನ್ನ ನೆನಪಿನಿಂದ ಹತ್ತಿರ ಹತ್ತಿರ 64 ಕಿಲೋಬೈಟ್ ಎತ್ತಿ ಕೊಟ್ಟಿತು. ಪಾಸ್‌ವರ್ಡ್, ಗುಪ್ತ ಕೀಲಿ, ಅಲ್ಲಿ ಏನಿತ್ತೋ ಅದೆಲ್ಲ. ಹೊರಗಿನಿಂದ ಬಂದ ಉದ್ದವನ್ನು ಕೈಯಲ್ಲಿರುವುದಕ್ಕೆ ತಾಳೆ ನೋಡದೆ ಬಳಸಬೇಡ.

ದೊಡ್ಡ ಡಬ್ಬಿಯಿಂದ ಚಿಕ್ಕ ಡಬ್ಬಿಗೆ ಸುರಿಯುವಾಗಲೂ ಅಷ್ಟೇ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್‌ನ ಮೊದಲ ಹಾರಾಟ ನಲವತ್ತು ಸೆಕೆಂಡ್‌ನ ಆಸುಪಾಸಿನಲ್ಲಿ ಚೂರಾಯಿತು. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ ಸೈನ್ಡ್ ಇಂಟಿಜರ್‌ಗೆ ಇಳಿಸುವ ಸಾಲು. ಬೆಲೆ 32,767 ಮೀರಿತ್ತು. ಆ ಕೋಡ್ ಏರಿಯಾನ್ 4ರಿಂದ ಬಂದದ್ದು, ಅಲ್ಲಿ ಆ ಬೆಲೆ ಅಷ್ಟು ಏರುತ್ತಿರಲಿಲ್ಲ. ಬ್ಯಾಕಪ್ ಕಂಪ್ಯೂಟರ್ ಇತ್ತು, ಅದರಲ್ಲೂ ಅದೇ ಸಾಫ್ಟ್‌ವೇರ್. ಎರಡೂ ಒಂದೇ ಕಾರಣಕ್ಕೆ ಕೈಚೆಲ್ಲಿದವು. ಹಳೆಯ ಪ್ರಾಜೆಕ್ಟ್‌ನಿಂದ ಫಂಕ್ಷನ್ ಎತ್ತಿ ತರುವಾಗ ಅದರ ಹಿಂದಿದ್ದ ಕರಾರು ಕೂಡ ಜೊತೆಗೆ ಬಂತೇ ಎಂದು ನೋಡು. ಹಳೆಯ ಮೀಟರ್‌ನ ಮಿತಿ ಹೊಸದಕ್ಕೆ ಇರಬೇಕೆಂದಿಲ್ಲ.

ಮುಂದೆ ಒಂದು ದಿನ ಫೈಲ್‌ನ ರೂಪವನ್ನು ನೀನೇ ನಿರ್ಧರಿಸುವ ಕಾಲ ಬರುತ್ತದೆ. ಆಗ ಓದುವವನ ಮೇಲೆ ಕರುಣೆ ಇರಲಿ. ಪಿಎನ್‌ಜಿ ಚಿತ್ರದ ಮೊದಲ ಎಂಟು ಬೈಟ್ ನೋಡು: 137, 80, 78, 71, 13, 10, 26, 10. ನಡುವಿನ 80, 78, 71 ಅದರ ಹೆಸರು. 137 ಏಕೆ? ಎಂಟನೇ ಬಿಟ್ ಕತ್ತರಿಸುವ ಹಳೆಯ ಮಾರ್ಗದಲ್ಲಿ ಹೋದರೆ ಅದು 9 ಆಗುತ್ತದೆ, ಕೆಟ್ಟದ್ದು ಬಾಗಿಲಲ್ಲೇ ಗೊತ್ತಾಗುತ್ತದೆ. 13, 10 ಜೋಡಿ ಮತ್ತು ಕೊನೆಯ ಒಂಟಿ 10 ಇರುವುದು, ಸಾಲಿನ ಕೊನೆಯನ್ನು ತಿದ್ದುವ ಪ್ರೋಗ್ರಾಂ ಯಾವುದಾದರೂ ಕೈಯಾಡಿಸಿದ್ದರೆ ಹಿಡಿಯಲು. ಟಿಫ್ ಫೈಲ್ ತನ್ನ ಕ್ರಮವನ್ನು ಮೊದಲೆರಡು ಅಕ್ಷರದಲ್ಲೇ ಹೇಳಿಕೊಂಡು, ಆಮೇಲೆ 42 ಎಂಬ ಸಂಖ್ಯೆಯನ್ನು ಆ ಕ್ರಮದಲ್ಲಿ ಬರೆದು ಸಾಬೀತು ಮಾಡುತ್ತದೆ. ಹೀಗೆ ಕರಾರನ್ನು ಫೈಲ್‌ನ ಹಣೆಯ ಮೇಲೇ ಬರೆದವರು ಮುಂದಿನವರ ಎಷ್ಟೋ ರಾತ್ರಿಗಳನ್ನು ಉಳಿಸಿದ್ದಾರೆ.

ನಮ್ಮ ಅಕ್ಷರಕ್ಕೂ ಇದೇ ನ್ಯಾಯ. ‘ಕ’ಕ್ಕೆ ಯುನಿಕೋಡ್ ಕೊಟ್ಟ ಸಂಖ್ಯೆ 3,221. ಎರಡು ಬೈಟ್‌ನಲ್ಲಿ ದೊಡ್ಡದು ಮೊದಲು ಬರೆದರೆ 12, 149. ಅದನ್ನು ತಿರುಗಿಸಿ ಓದಿದವನಿಗೆ 38,156 ಸಿಗುತ್ತದೆ, ಅದು ಚೀನೀ ಲಿಪಿಯ ಜಾಗ. ಯುಟಿಎಫ್-8ರಲ್ಲಿ ‘ಕ’ ಯಾವಾಗಲೂ 224, 178, 149, ಇದೇ ಸಾಲು. ಹಿಂದುಮುಂದಿನ ಪ್ರಶ್ನೆಯೇ ಇಲ್ಲ. ಕನ್ನಡದಲ್ಲಿ ಗ್ರಾಹಕರ ಹೆಸರು ಉಳಿಸಬೇಕಾದಾಗ ಅದನ್ನೇ ಹಿಡಿ.

ಎಷ್ಟು ಬೈಟ್ ಸಾಕು ಎಂದು ನಿರ್ಧರಿಸುವಾಗ ಜಿಪುಣತನ ಬೇಡ. ಸಮಯವನ್ನು 32 ಬಿಟ್ ಸೈನ್ಡ್ ಸೆಕೆಂಡ್‌ಗಳಲ್ಲಿ ಇಟ್ಟ ಯಂತ್ರಗಳು 2038ರ ಜನವರಿ 19ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ 8 ಗಂಟೆ 44 ನಿಮಿಷ 7 ಸೆಕೆಂಡ್ ದಾಟಿದ ಕೂಡಲೇ 1901ರ ಡಿಸೆಂಬರ್‌ಗೆ ಹಾರುತ್ತವೆ. ನೀನು ಈಗ ಗೋಡೆಗೆ ಹಾಕಿಸುವ ಮೀಟರ್ ಆಗಲೂ ಅಲ್ಲೇ ಇರುವ ಸಂಭವ ಉಂಟು.

ಕೊನೆಗೆ ಮನುಷ್ಯರ ವಿಷಯ. ಮ್ಯಾನ್ಯುಯಲ್ ಬರೆಯುವವರೂ ನಮ್ಮ ಹಾಗೇ ಅವಸರದವರು. ಕ್ರಮದ ಬಗ್ಗೆ ಒಂದು ಸಾಲೂ ಇಲ್ಲದಿರಬಹುದು. ಇದ್ದದ್ದು ಫರ್ಮ್‌ವೇರ್ ಬದಲಾದ ಮೇಲೆ ಹಳತಾಗಿರಬಹುದು. ಆಗ “ಇದೇ ಇರಬೇಕು” ಎಂದು ನಾಲ್ಕು ಕ್ರಮವನ್ನೂ ಹಾಕಿ ನೋಡಿ, ಹೊಂದಿದ್ದನ್ನು ಉಳಿಸಿ, ಸುಮ್ಮನಾಗಬೇಡ. ಹಾಕಿ ನೋಡುವುದು ತಪ್ಪಲ್ಲ, ಸುಮ್ಮನಾಗುವುದು ತಪ್ಪು. ಮೀಟರ್‌ನ ಮುಖದ ಅಂಕಿ ಮತ್ತು ಬಂದ ಬೈಟ್ ಎರಡನ್ನೂ ಬರೆದು ತಯಾರಕರಿಗೆ ಇಮೇಲ್ ಹಾಕು, ಉತ್ತರ ಬರುವ ತನಕ ನೆನಪು ಮಾಡುತ್ತಿರು. ಉತ್ತರ ಬಂದ ಮೇಲೆ ಕೋಡ್‌ನಲ್ಲಿ ಆ ಫೀಲ್ಡ್‌ನ ಪಕ್ಕದಲ್ಲೇ ಬರೆ: ಎಷ್ಟು ಬೈಟ್, ಯಾವ ಕ್ರಮ, ಸೈನ್ಡೋ ಅಲ್ಲವೋ, ಯಾವ ಅಳತೆ, ಯಾವ ಫರ್ಮ್‌ವೇರ್, ಹೇಳಿದವರು ಯಾರು, ಯಾವತ್ತು. ಬೈಟ್ ಸಂಖ್ಯೆಯಾಗುವ ಜಾಗ ಇಡೀ ಪ್ರೋಗ್ರಾಂನಲ್ಲಿ ಒಂದೇ ಇರಲಿ, ಒಳಗೆ ಬಂದ ಕೂಡಲೇ. ಅಲ್ಲಿಂದಾಚೆಗೆ ಯಾರ ಕೈಗೂ ಕಚ್ಚಾ ಬೈಟ್ ಸಿಗಬಾರದು.

ಇದಕ್ಕೆ ಅರ್ಧ ದಿನ ಹೆಚ್ಚು ಹಿಡಿಯುತ್ತದೆ. “ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತಾ” ಎಂದು ಟೀಮ್‌ನಲ್ಲಿ ಯಾರಾದರೂ ಕೇಳಿದರೆ ವಾದಕ್ಕೆ ನಿಲ್ಲಬೇಡ. 00 01 86 42 ಎಂದು ಬೋರ್ಡ್ ಮೇಲೆ ಬರೆದು, ಇದು ಎಷ್ಟು ಯೂನಿಟ್ ಎಂದು ಅವರನ್ನೇ ಕೇಳು. “ಯಾವ ಕ್ರಮದಲ್ಲಿ?” ಎಂದು ತಿರುಗಿ ಕೇಳಿದವರು ಯಾರೋ ಅವರ ಪಕ್ಕದಲ್ಲಿ ಕೂತು ಕೆಲಸ ಕಲಿ. ಥಟ್ಟನೆ ಉತ್ತರ ಹೇಳಿದವರ ಕೋಡನ್ನು ರಿವ್ಯೂ ಮಾಡುವಾಗ ಮಾತ್ರ ಎರಡು ಸಲ ನೋಡು.